‘ಬಲಗೈಯಾಗ ಹಿಡ್ಕೊಳ್ರಿ’

“ಅಕ್ಕಾರ, ಈ ಮರಿ ಒಂದೀಟು ಹಿಡ್ಕೊಳ್ರಿ. ಎರಡು ಈದೈತಿ,” ಎನ್ನುತ್ತಲೇ ಕುರಿ ಕಾಯುವ ಹೆಂಗಸು ಆಗಷ್ಟೇ ಹುಟ್ಟಿದ ಮರಿಯೊಂದನ್ನು ನನ್ನ ಕೈಗಿಟ್ಟಳು. ಇನ್ನೊಂದು ಅವಳ ಕಂಕುಳಲ್ಲಿತ್ತು. ತಾಯಿ ಕುರಿ ಅರಚುತ್ತಾ ಹಿಂದೆ ಬರುತ್ತಿತ್ತು.

ಗುಡೇಕೋಟೆಯ ತವರಿಗೆ ಬಂದವಳು ಸಂಜೆ ಸ್ವಲ್ಪ ದೂರ ನಡೆಯಲು ಹೊರಟಿದ್ದೆ. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋ ಮುಗಿದು ಕೆಲವು ತಿಂಗಳಾಗಿತ್ತು. ನಡೆಯಬೇಕು, ಕೈ ಆಡಿಸಬೇಕು ಎಂದು ಡಾಕ್ಟರು ಹೇಳಿದ್ದರೂ ಮನೆಯವರು ಒಂದು ಚೊಂಬು ನೀರನ್ನೂ ಎತ್ತಗೊಡುತ್ತಿರಲಿಲ್ಲ. ನನಗೂ ಹೆದರಿಕೆಯಿತ್ತು.

“ನನಗ ಎದಿ ಕ್ಯಾನ್ಸರ್ ಆಪರೇಷನ್ ಆಗೈತವ್ವ,” ಎಂದೆ.

ಆಕೆ ಬೆಚ್ಚಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. “ಯಾವ ಕಡಿಗೆ?” ಎಂದು ಕೇಳಿದಳು.

“ಎಡಕ್ಕ.”

“ಹಂಗಾರ ಬಲಗೈಯಾಗ ಹಿಡ್ಕೊಳ್ರಿ. ಹಟ್ಟಿ ಇಲ್ಲೇ ಐತಿ, ಬರ್ರಿ.”

ಇಲ್ಲೇ ಎಂದ ಹಟ್ಟಿ ಗುಡ್ಡದ ಆಚೆಗಿತ್ತು. ದಾರಿಯುದ್ದಕ್ಕೂ ಆಕೆ ತನ್ನ ತುಂಟ ಟಗರಿನ ಕಥೆ ಹೇಳಿದಳು. ಬಹಳ ದಿನಗಳ ಮೇಲೆ ನಾನು ಜೋರಾಗಿ ನಕ್ಕೆ. ಮರಿಯನ್ನು ತಾಯಿಯ ಕೆಚ್ಚಲಿಗೆ ಬಿಟ್ಟು ತಿರುಗಿ ನೋಡಿದಾಗಲೇ ಅಷ್ಟು ದೂರ ನಡೆದು ಬಂದದ್ದು ಗೊತ್ತಾಯಿತು.

ಕಾಯಿಲೆ ಬಿದ್ದಾಗಿನಿಂದ ಎಲ್ಲರೂ ನನಗೆ ಆಸರೆಯಾಗಿದ್ದರು. ನನ್ನ ಆಸರೆ ಕೇಳಿದವಳು ಆಕೆಯೊಬ್ಬಳೇ. ಈಗ ಕೂಡ್ಲಿಗಿಯ ನನ್ನ ಮನೆಗೆ ಮರಳಿದ ಮೇಲೂ ದಿನಾ ಬೆಳಿಗ್ಗೆ ನಡೆಯುತ್ತೇನೆ. ಎಡಗೈ ಕಿವಿಯ ತನಕ ಏಳುತ್ತದೆ. ಕೀಮೋಗೆ ಉದುರಿದ ಕೂದಲು ಮತ್ತೆ ಉದ್ದವಾಗುವಷ್ಟರಲ್ಲಿ ಅದು ತಲೆಯ ಹಿಂದಕ್ಕೂ ಹೋದೀತು; ಆಗ ನನ್ನ ಜಡೆ ನಾನೇ ಹೆಣೆದುಕೊಳ್ಳುತ್ತೇನೆ.