ಕ್ಯಾಂಪಜ್ಜಿ ಸಾಲಲ್ಲಿ ನಿಂತಿದ್ದು

ಕ್ಯಾಂಪಜ್ಜಿಯ ಕೈಗಳು ಯಾವಾಗಲೂ ಬೆಚ್ಚಗಿರುತ್ತಿದ್ದವು. ಬಂದವರೇ ಪಟ್ಟೆಪಟ್ಟೆ ಏಪ್ರನ್ನಿಗೆ ಒರೆಸಿಕೊಂಡು ನಮ್ಮ ಕೈಯನ್ನು ತಮ್ಮ ಎರಡೂ ಅಂಗೈ ನಡುವೆ ಹಿಡಿದುಕೊಳ್ಳುತ್ತಿದ್ದರು. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವರು, ಅದಕ್ಕೇ ನಮಗೆ ಕ್ಯಾಂಪಜ್ಜಿ. ನಮ್ಮತ್ತೆಯ ಹತ್ತಿರ ದಿನಾ ಹಾಲು ಕೊಳ್ಳುತ್ತಿದ್ದರು. ಬಂದಾಗಲೆಲ್ಲ ಫ್ಲಾಸ್ಕಿನಲ್ಲಿ ತಂದ, ಉಪ್ಪು, ಬೆಣ್ಣೆ ಹಾಕಿದ ಅವರ ಟೀ ನಾವು ಕುಡಿಯಲೇಬೇಕು. ಅಯ್ಯೋ, ಅದನ್ನು ನುಂಗುವುದೇ ಒಂದು ಶಿಕ್ಷೆ! ಮುಖ ಕಿವುಚಿದರೆ "ಚೆನ್ನಾಗಿದೆ ಅಲ್ವಾ?" ಎಂದು ಇನ್ನಷ್ಟು ಸುರಿಯುತ್ತಿದ್ದರು.

ಒಂದು ಮಳೆಗಾಲದಲ್ಲಿ ಕಾವೇರಿ ಊರೊಳಗೆ ನುಗ್ಗಿ ನಮ್ಮ ಮನೆ ಕುಸಿಯಿತು. ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರಕ್ಕೆ ಬಂದೆವು. ನೆಲವೆಲ್ಲ ಥಂಡಿ, ನನ್ನ ಎಳೆಮಗುವಿಗೆ ಬಿಡದ ಕೆಮ್ಮು. ನೆರವಿಗೆ ಕಾದು ಕಾದು, ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ತೋಚದಷ್ಟು ಸುಸ್ತಾಗಿತ್ತು ನನಗೆ. ಆಗ ಯಾವುದೋ ವಿದೇಶಿ ಸಂಸ್ಥೆಯ ಲಾರಿ ಬಂತು. ಕಂಬಳಿ, ಟಾರ್ಪಾಲು, ಬಕೆಟ್ಟು, ಸೋಪು. ಮನೆಯ ಹಿರಿಯ ಹೆಂಗಸೇ ಸಾಲಲ್ಲಿ ನಿಂತು ತಗೋಬೇಕಂತೆ. ಸಂಜೆಗೆ ಲಾರಿ ಹೊರಟುಬಿಡುತ್ತದಂತೆ.

ನಮ್ಮತ್ತೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ಸುಗ್ಗಿಯಲ್ಲಿ ಕಣಕ್ಕೆ ಬಂದವರಿಗೆಲ್ಲ ಮೊರ ತುಂಬ ರಾಗಿ ಸುರಿದವರು ಅವರು.

"ಕೊಟ್ಟ ಕೈ ಕಣವ್ವ ಇದು. ಊರೋರ ಮುಂದೆ ಒಡ್ಡಕ್ಕಾಯ್ತದಾ?"

"ಮಗೀಗೆ ಚಳಿ ಆಯ್ತದಲ್ಲ ಅತ್ತೆ," ಎಂದೆ. ಜಗಳ ಆಡುವುದಕ್ಕೂ ತ್ರಾಣವಿರಲಿಲ್ಲ.

ಅಷ್ಟೊತ್ತಿಗೆ ಕ್ಯಾಂಪಜ್ಜಿ ಫ್ಲಾಸ್ಕ್ ಹಿಡಿದು ಬಂದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅತ್ತೆಯ ಎದುರು ಕೂತು ಕೈ ಹಿಡಿದುಕೊಂಡರು.

"ಟಿಬೆಟ್ ಬಿಟ್ಟು ಇಲ್ಲಿಗೆ ಬಂದಾಗ, ಸಣ್ಣ ಹುಡುಗಿ, ನಾನೂ ಇಂಥ ಸಾಲಲ್ಲಿ ನಿಂತಿದ್ದೆ. ಫಾರಿನ್ ಹಾಲುಪುಡಿ ಕೊಟ್ರು. ನಮ್ಮಮ್ಮನಿಗೆ ಏನು ಗೊತ್ತು? ನಮ್ಮ ಬಾರ್ಲಿ ಹಿಟ್ಟು ಅಂದ್ಕೊಂಡು ಟೀಲಿ ಕಲಸಿ ಉಂಡೆ ಕಟ್ಟಕ್ಕೆ ಹೋದ್ಲು! ಕೈಗೆಲ್ಲ ಅಂಟು. ನಿಮ್ಮೂರಿನವರು ನೋಡಿ ನಕ್ರು."

ಅತ್ತೆ ಮೆಲ್ಲಗೆ ಇತ್ತ ತಿರುಗಿದರು.

"ನಾಚಿಕೆ ಆಯ್ತು. ಆದ್ರೆ ಬದುಕಿದೀನಿ ನೋಡಿ. ಏಳಿ, ನಾನೂ ಜೊತೇಲಿ ನಿಲ್ತೀನಿ."

ನಿಂತರು. "ನಿಮಗೆ ಕೊಡಲ್ಲ ಅಜ್ಜಿ" ಎಂದು ಹಂಚುವವನು ಹೇಳಿದರೆ, "ಗೊತ್ತು. ನಿಲ್ಲೋಕೆ ಮಾತ್ರ ಬಂದಿದೀನಿ" ಎಂದರು. ಅತ್ತೆ ತಲೆ ಎತ್ತಲಿಲ್ಲ, ಹಿಡಿದ ಕೈಯನ್ನೂ ಬಿಡಲಿಲ್ಲ. ಮಗು ಆ ಕಂಬಳಿಯಲ್ಲಿ ನಿದ್ದೆ ಹೋದಾಗ, ಅಜ್ಜಿ ಕೊಟ್ಟ ಟೀಯನ್ನು ನಾನು ಮುಖ ಕಿವುಚದೆ ಪೂರ್ತಿ ಕುಡಿದೆ.

ಕಳೆದ ಚಳಿಗಾಲದಲ್ಲಿ ಕ್ಯಾಂಪಜ್ಜಿ ತೀರಿಕೊಂಡರು. ಅವರಲ್ಲಿ ಸತ್ತವರಿಗೆ ಬಂದವರೆಲ್ಲ ಬಿಳಿ ವಸ್ತ್ರ ಅರ್ಪಿಸುತ್ತಾರೆ. ಉದ್ದಕ್ಕೆ ಸಾಲು. ಮಂಡಿನೋವಲ್ಲಿ ನಿಂತಿದ್ದ ಅತ್ತೆಯನ್ನು ನೋಡಿ ಅಜ್ಜಿಯ ಮಗ ಓಡಿಬಂದು, "ನೀವು ಮುಂದೆ ಬನ್ನಿ ಅಮ್ಮ" ಎಂದ.

"ಬ್ಯಾಡ ಬುಡಪ್ಪ, ಸಾಲಲ್ಲೇ ಬತ್ತೀನಿ," ಎಂದರು ನಮ್ಮತ್ತೆ.

ಅತ್ತೆಯ ಕೈ ತಣ್ಣಗಿತ್ತು. ನನ್ನ ಎರಡೂ ಅಂಗೈ ನಡುವೆ ಹಿಡಿದುಕೊಂಡು ಜೊತೆಗೆ ನಿಂತೆ.