ಅಪ್ಪನ ಎಡಗಾಲು

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಿಂದ ಚಿಂತಾಮಣಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಬಿ.ಎಸ್ಸಿ. ಮುಗಿಸಿದೆ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಲಕ್ವ ಹೊಡೆದರೆ ಮೊದಲ ಕೆಲವು ಗಂಟೆಗಳೇ ಮುಖ್ಯ ಎಂದು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವಳೂ ನಾನೇ. ಆದರೂ ಆ ದಿನ ಅಪ್ಪನನ್ನು ಸಂಜೆಯವರೆಗೆ ಮನೆಯಲ್ಲೇ ಇಟ್ಟುಕೊಂಡೆ.

ಅಂದು ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದ್ದವು. ಸೊಪ್ಪು ಬಿಟ್ಟು ತಲೆಯೆತ್ತಿದ ಹುಳವನ್ನು ಆ ದಿನವೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ಗೂಡು ಕಟ್ಟಿ ಹಾಳಾಗುತ್ತವೆ. ಅಂಥ ದಿನ ನಮ್ಮ ಕಡೆ ಯಾರೂ ಹುಳದ ಮನೆ ಬಿಟ್ಟು ಕದಲುವುದಿಲ್ಲ. ಪಕ್ಕದ ಮನೆಯ ಅಕ್ಕ ಕೆಲಸಕ್ಕೆ ಬದಲು ಕೆಲಸವೆಂದು ಮುಯ್ಯಾಳಾಗಿ ಬಂದಿದ್ದಳು.

ಬೆಳಿಗ್ಗೆ ಏಳರ ಹೊತ್ತಿಗೆ ಅಪ್ಪನ ಎಡಗೈಯಿಂದ ತಟ್ಟೆ ಜಾರಿತು. ಹೆಜ್ಜೆ ಇಟ್ಟರೆ ಎಡಗಾಲು ನೆಲ ಕೆರೆಯಿತು.

“ಏಮನ್ನಾ, ಬೆಳಿಗ್ಗೇನೇ ಹಾಕ್ಕೊಂಡ್ ಬಂದ್ಯಾ?” ಎಂದು ಅಕ್ಕ ತೆಲುಗು ಬೆರೆಸಿ ಅಪ್ಪನನ್ನು ಕೇಳಿ ನಕ್ಕಳು.

“ಜೋಮು ಹಿಡ್ದೈತೆ ಕಣಮ್ಮ,” ಅಂದ ಅಪ್ಪ. ಬಾಯಿ ಒಂದು ಕಡೆಗೆ ವಾಲಿತ್ತು. ನನಗದು ಕಂಡಿತು.

“ಆಸ್ಪತ್ರೆಗೆ ಹೋಗಣ ನಡಿ ಅಪ್ಪ.”

“ಹುಳ ಬಿಟ್ಟು ಎಲ್ಲಿಗ್ ಹೋಗ್ತೀಯ? ಸಂಜೆ ನೋಡಣ.”

ನಾನು ಇನ್ನೊಂದು ಸಲ ಹೇಳಲಿಲ್ಲ. ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹುಳ ಆರಿಸಲು ಕುಳಿತೆ.

ಚಿಕ್ಕಬಳ್ಳಾಪುರದ ಆಸ್ಪತ್ರೆ ತಲುಪುವಾಗ ಸಂಜೆಗತ್ತಲು ಕವಿದಿತ್ತು. ಯಾವಾಗ ಶುರುವಾಯಿತೆಂದು ಡಾಕ್ಟರು ಕೇಳಿದರು. ಬೆಳಿಗ್ಗೆ ಏಳಕ್ಕೆ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿದರು.

“ನೀವೇನ್ ಕೆಲ್ಸ ಮಾಡ್ತೀರಮ್ಮ?”

“ಟೀಚರ್, ಸರ್.”

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನಿನ ಹೊತ್ತು ಮೀರಿತ್ತು.

ನಾಲ್ಕು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ನಡಿಗೆ ಕಲಿಸುವ ರೋಬೋಟ್ ಇದೆಯೆಂದು ತಿಳಿದು ಕರೆದುಕೊಂಡು ಹೋದೆ. ಅಪ್ಪನಿಗೆ ಬೇಕಾಗಿದ್ದುದು ಒಂದೇ. ಬಚ್ಚಲಿಗೆ ತಾನೇ ಹೋಗಿ ಬರುವಷ್ಟು ಕಾಲು ಬರಬೇಕು. “ಮಗಳ ಕೈಲಿ ತೊಳಿಸ್ಕೊಳ್ಳೋ ಬಾಳು ಬೇಡ ಕಣಮ್ಮ,” ಎನ್ನುತ್ತಿದ್ದ.

ಎದೆಗೂ ಸೊಂಟಕ್ಕೂ ಪಟ್ಟಿ ಬಿಗಿದು ಮೇಲಿನಿಂದ ತೂಗುಬಿಟ್ಟು, ಕಾಲುಗಳಿಗೆ ಲೋಹದ ಕಾಲು ಕಟ್ಟಿ, ಓಡುವ ಬೆಲ್ಟಿನ ಮೇಲೆ ನಿಲ್ಲಿಸುತ್ತಿದ್ದರು. ಗುಂಡಿ ಒತ್ತಿದರೆ ಅಪ್ಪ ಹೆಣ್ಣು ನೋಡಲು ಹೊರಟವನ ಹಾಗೆ ನೆಟ್ಟಗೆ ನಡೆಯುತ್ತಿದ್ದ. ಬಿಚ್ಚಿದರೆ ಎಡಗಾಲು ಕೊರಡು.

ಆರನೇ ವಾರ ಅವನು ನಡೆಯುತ್ತಲೇ ಕೇಳಿದ. “ಈಗ ನಡೀತಿರೋದು ನಾನಾ, ಇದಾ?”

ಫಿಸಿಯೋಥೆರಪಿ ಮಾಡಿಸುವ ಹುಡುಗಿ ಉತ್ತರಿಸುವ ಮುಂಚೆಯೇ ಅವನು ಯಂತ್ರದ ಪರದೆಯತ್ತ ಗದ್ದ ಎತ್ತಿ ನನ್ನನ್ನು ಕೇಳಿದ. “ಅದ್ರಾಗೇನ್ ಬರ್ದೈತೆ? ನೀನೇ ಓದು.”

ಮನೆಗೆ ಬಂದ ಕಾಗದವನ್ನೆಲ್ಲ ಓದಿ ಹೇಳಿದವಳು ನಾನೇ. ಕಾಲು ತಾನೇ ಹಾಕುವ ಬಲವನ್ನು ತೋರಿಸುವ ಗೆರೆಗಳಲ್ಲಿ ಬಲಗಾಲಿನದು ಎತ್ತರವಾಗಿ ಏಳುತ್ತಿತ್ತು. ಎಡಗಾಲಿನದು ತಳದಲ್ಲೇ ಮಲಗಿತ್ತು.

“ಬಲಗಾಲು ನಿಂದು. ಎಡಗಾಲು ಮಿಷಿನ್ನೇ ಎತ್ತಿಡ್ತೈತೆ ಅಪ್ಪ.”

“ಹಂಗಾದ್ರೆ ಅದ್ರ ಜೋರು ಕಮ್ಮಿ ಮಾಡಮ್ಮ,” ಎಂದು ಹುಡುಗಿಗೆ ಹೇಳಿದ.

ಅವಳು ಕಡಿಮೆ ಮಾಡಿದಳು. ಮೂರು ಹೆಜ್ಜೆ. ಎಡಗಾಲು ಸಿಕ್ಕಿಕೊಂಡಿತು, ಯಂತ್ರ ಕೂಗಿ ತಾನೇ ನಿಂತಿತು. ಇನ್ನೊಂದು ಸಲ ಅಂದ. ಮತ್ತೆ ನಿಂತಿತು. ಮೂರನೆಯ ಸಲ ಅವನೇ ಕೇಳಲಿಲ್ಲ. ಪಟ್ಟಿಯಲ್ಲಿ ತೂಗುತ್ತಾ ತಲೆ ತಗ್ಗಿಸಿದ.

“ಅವತ್ತು ಬೆಳಿಗ್ಗೇನೇ ಹೋಗ್ಬೇಕಿತ್ತು ಅಲ್ವಾ?” ಎಂದು ಕೇಳಿದ.

“ಹೂಂ,” ಅಂದೆ. “ನಂಗೆ ಗೊತ್ತಿತ್ತು ಅಪ್ಪ.”

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಬಚ್ಚಲಿಗೆ ಹೋಗುವಾಗ ಅಪ್ಪನ ಬಲಗೈ ಗೋಡೆಯ ಮೇಲೆ, ಎಡಗೈಯನ್ನು ನಾನೇ ನನ್ನ ಹೆಗಲ ಮೇಲೆ ಹಾಕಿಕೊಳ್ಳುತ್ತೇನೆ. ಬಲಗಾಲನ್ನು ಅವನೇ ಇಡುತ್ತಾನೆ. ಎಡಗಾಲಿನ ಹಿಮ್ಮಡಿಗೆ ನನ್ನ ಪಾದ ಕೊಟ್ಟು ನಾನು ಮುಂದಕ್ಕೆ ತಳ್ಳುತ್ತೇನೆ.