ಕಿವಿ ನಂದು, ಕಿಡ್ನಿ ನಿಂದು

ನಮ್ಮಣ್ಣ ಅಂಗಡಿಗಳಿಗೆ ಬೋರ್ಡು ಬರೆಯುವವನು. ಬೀದಿಯವರಿಗೆಲ್ಲ ಅವನು 'ಬ್ರಷ್ಷು'. ಏಣಿ ಹತ್ತಿದನೆಂದರೆ ಊಟದ ನೆನಪೂ ಇರುತ್ತಿರಲಿಲ್ಲ. ಅವನ ಎರಡೂ ಕಿಡ್ನಿ ಕೈಕೊಟ್ಟಾಗ ನನ್ನದೊಂದನ್ನು ಕೊಟ್ಟೆ. "ಇನ್ಮೇಲೆ ನಿನ್ನ ಮೂಗಿನ ತುದಿ ಕೋಪಾನೂ ನಂಗೇ ಬಂದ್ಬಿಟ್ರೆ ಏನೇ ಗತಿ?" ಎಂದು ಆಸ್ಪತ್ರೆಯ ಮಂಚದಲ್ಲೇ ರೇಗಿಸಿದ್ದ.

ಹೊಸ ಕಿಡ್ನಿಯನ್ನು ಹೊರಗಿನದೆಂದು ಮೈ ಹಾಳುಗೆಡವದಿರಲಿ ಎಂದು, ಅವನ ರೋಗನಿರೋಧಕ ಶಕ್ತಿಯನ್ನು ಮಾತ್ರೆಗಳಿಂದ ತಗ್ಗಿಸಿದ್ದರು. ಬಿಸಿಲಿಗೆ ಹೋಗಬೇಡ ಎಂದು ಡಾಕ್ಟರಮ್ಮ ನೂರು ಸಲ ಹೇಳಿದ್ದರು. ಬಿಸಿಲಿನ ನೇರಳಾತೀತ ಕಿರಣ ಚರ್ಮದ ಕಾವಲು ಜೀವಕಣಗಳನ್ನೂ ಮಂಕು ಮಾಡುತ್ತದಂತೆ. ಆಮೇಲೆ ಕೆಟ್ಟ ಕಣ ಹುಟ್ಟಿದರೂ ಹಿಡಿಯುವವರಿರುವುದಿಲ್ಲವಂತೆ. ಇವನು ಕೇಳಬೇಕಲ್ಲ! ತಲೆಗೆ ಬಟ್ಟೆ ಸುತ್ತಿ, ತೋಳು ಮುಚ್ಚಿ, ಎಡಗಿವಿಯೊಂದನ್ನು ಹೊರಗೆ ಬಿಟ್ಟುಕೊಂಡು ಏಣಿ ಹತ್ತುತ್ತಿದ್ದ. ಪೆನ್ಸಿಲ್ ಸಿಕ್ಕಿಸಲು ಅದು ಬೇಕಿತ್ತು.

ಆ ಕಿವಿಯ ಮೇಲಂಚಿನಲ್ಲಿ ಒರಟು ಹಕ್ಕಳೆ ಎದ್ದಾಗ, "ಪೆನ್ಸಿಲ್ ಉಜ್ಜಿ ಆಗಿರೋದು, ಬಿಡೇ," ಎಂದ. ಬೋರ್ಡು ಬರೆಯುವವರಿಗೆ ಅಲ್ಲಿ ಚರ್ಮ ಗಟ್ಟಿಯಾಗುವುದು ಮಾಮೂಲು. ನಾನೂ ನಂಬಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಐದು ತಿಂಗಳು ಮುಲಾಮು ಹಚ್ಚುತ್ತಾ ಕೂತೆ. ಕತ್ತಿನಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೆ ಆಸ್ಪತ್ರೆಗೆ ಓಡಿದೆವು. ಕ್ಯಾನ್ಸರ್ ಎಂದರು.

ಕಿವಿ ಕತ್ತರಿಸಿದರೂ ಅದು ಮತ್ತೆ ಬಂತು. "ಆ ಮಾತ್ರೆ ನಿಲ್ಸಿ ನೋಡೋಣ," ಎಂದರು ಡಾಕ್ಟರಮ್ಮ. "ನಿಮ್ಮ ಮೈಯೇ ಹೋರಾಡಬಹುದು. ಆದ್ರೆ ಕಿಡ್ನಿ ಉಳಿಯೋದು ಕಷ್ಟ, ಮತ್ತೆ ಡಯಾಲಿಸಿಸ್ ಮಾಡಿಸ್ಬೇಕಾಗುತ್ತೆ."

ಅಣ್ಣ ಆಗಲಿ ಎಂದು ತಲೆಯಾಡಿಸಿದ. ತಿಂಗಳಾದ ಮೇಲೆ ರಕ್ತಪರೀಕ್ಷೆ ಮಾಡಿದರೆ, ಅದರಲ್ಲಿ ಮಾತ್ರೆಯ ಅಂಶ ಹಾಗೇ ಇದೆ! ಕದ್ದು ನುಂಗುತ್ತಿದ್ದ. ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆ.

"ಬೈಬೇಡ್ವೇ," ಎಂದ. "ಕಿವಿ ನಂದು, ಹೋಯ್ತು. ಇದು ನಿಂದು. ಹೆಂಗೆ ಹಾಳು ಮಾಡ್ಲಿ?"

"ಅಯ್ಯೋ ಪೆದ್ದೇ, ನೀನು ಉಳೀಲಿ ಅಂತ ತಾನೇ ಕೊಟ್ಟಿದ್ದು!"

ಅವನ ಎದೆಯ ಮೇಲೆ ತಲೆಯಿಟ್ಟು ಅತ್ತೆ. ಅಂದೇ ಮಾತ್ರೆಗಳನ್ನೆಲ್ಲ ಕಿತ್ತುಕೊಂಡೆ. ಅಷ್ಟರಲ್ಲಿ ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಅಲ್ಲಿಂದ ಮೂರು ವಾರ ಇದ್ದ. ದಿನವೂ ಕಿಡ್ನಿಯ ರಿಪೋರ್ಟು ಬರುತ್ತಿತ್ತು. ದಿನವೂ ನಾನು, ಆ ಕಿಡ್ನಿ ಕೆಟ್ಟು ಹೋಗಲಪ್ಪಾ, ಇವನ ಮೈಗೆ ಹೋರಾಡುವ ಶಕ್ತಿ ಬಂತು ಅಂತಾದರೂ ಗೊತ್ತಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವನು ಕಣ್ಣುಮುಚ್ಚಿದ ದಿನವೂ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.